‘ನಿನ್ನೆ ಹೀಗಿರಲಿಲ್ಲ’ ಅಂತ ಹೇಳೋಕೆ ಪಕ್ಕದಲ್ಲಿ ಒಬ್ಬರಿರಬೇಕು

ನಮ್ಮ ಬಳಗದ ಒಬ್ಬ ಹುಡುಗನ ಅಜ್ಜಿ ಹೋದ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತು ದಾಟಿದ ಜೀವ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ಅಜ್ಜಿ ಸುಮ್ಮನೆ ಮಲಗಿದ್ದರು. ಮೂರನೇ ರಾತ್ರಿ ಎದ್ದು ಕೂತು ಕೈಯ ಗ್ಲೂಕೋಸ್ ಸೂಜಿ ಕಿತ್ತೆಸೆದರು. ವಾರ್ಡಿನೊಳಗೆ ಕುರಿ ನುಗ್ಗಿವೆ, ಓಡಿಸಿ ಅಂದರು. ಸತ್ತು ಮೂವತ್ತು ವರ್ಷವಾದ ತಂಗಿಯನ್ನು ಹೆಸರು ಹಿಡಿದು ಕೂಗಿದರು. ಹತ್ತಿರ ಬಂದ ಸಿಸ್ಟರ್‌ಗೆ ಬೈದರು. ಅವರ ಮಾತು ಆ ವಾರ್ಡಿನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ರಾತ್ರಿ ಜೊತೆಗಿದ್ದ ದೂರದ ನೆಂಟರೊಬ್ಬರು ಕೆಳಗೆ ವರಾಂಡದಲ್ಲಿ ನಿದ್ದೆ ಹೋಗಿದ್ದರು. ಬ್ಯಾಂಡೇಜ್ ಬಟ್ಟೆಯಿಂದ ಅಜ್ಜಿಯ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದರು.

ಬೆಳಗ್ಗೆ ಮನೆಯವರು ಬಂದಾಗ ಪಕ್ಕದ ಮಂಚದವರು ಸಮಾಧಾನ ಹೇಳಿದರು: ವಯಸ್ಸಾಯ್ತಲ್ಲ, ಇನ್ನು ಹೀಗೇ. ಅಜ್ಜಿಯ ಮಗನೂ ಒಪ್ಪಿಕೊಂಡುಬಿಟ್ಟರು. ‘ಅರಳುಮರಳು ಶುರುವಾಯ್ತು’ ಅಂದರು. ಮೊಮ್ಮಗ ಒಪ್ಪಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರ ಎದುರು ನಿಂತು, ಅವರ ಭಾಷೆಯಲ್ಲೇ ಹೇಳಿದ: ‘ಸರ್, ನಮ್ಮಜ್ಜಿ ಬೀಳುವ ದಿನದ ತನಕ ಹಾಲಿನ ಡೈರಿ ಲೆಕ್ಕ ಬಾಯಲ್ಲೇ ಹೇಳ್ತಿದ್ರು. ನಿನ್ನೆ ಹೀಗಿರಲಿಲ್ಲ.’

ಆ ಒಂದು ವಾಕ್ಯ ಕೇಳಿ ಡಾಕ್ಟರು ನಿಂತರು. ಹೊಟ್ಟೆ ಮುಟ್ಟಿ ನೋಡಿದರು. ಮೂತ್ರದ ಪೈಪು ಹಿಂದಿನ ದಿನ ತೆಗೆದಿದ್ದರು, ಆಮೇಲೆ ಅಜ್ಜಿ ಒಂದಕ್ಕೇ ಹೋಗಿರಲಿಲ್ಲ. ಮೂತ್ರಚೀಲ ತುಂಬಿ ಬಿಗಿದಿತ್ತು. ಎರಡು ದಿನದಿಂದ ನೀರೂ ಸರಿಯಾಗಿ ಕುಡಿದಿರಲಿಲ್ಲ, ನಾಲಿಗೆ ಒಣಗಿತ್ತು. ಅದಕ್ಕೆಲ್ಲ ಚಿಕಿತ್ಸೆ ಆಯಿತು, ಕೈ ಬಿಚ್ಚಿದರು, ಮೊಮ್ಮಗ ಪಕ್ಕದಲ್ಲಿ ಕೂತ. ಐದು ದಿನದಲ್ಲಿ ಅಜ್ಜಿ ಮರಳಿ ಅಜ್ಜಿಯಾದರು. ಆಗ ಅವನು ಕೇಳಿದ: ಯಾಕಜ್ಜಿ, ಹೇಳಬಾರದಿತ್ತಾ? ಅವರು ಕೊಟ್ಟ ಉತ್ತರ ಇದು: ‘ಒಂದಕ್ಕೆ ಹೋಗ್ಬೇಕು ಅಂತ ಯಾರಿಗೆ ಹೇಳ್ಲಿ ಮಗಾ? ಅಲ್ಲಿ ಯಾರಿಗೆ ತಿಳೀತದೆ? ಅದಕ್ಕೇ ನೀರೂ ಕುಡೀಲಿಲ್ಲ.’

ಇವತ್ತಿನ ಬರಹ ಈ ಉತ್ತರದ ಬಗ್ಗೆ.

ಇದು ಅರಳುಮರಳಲ್ಲ

ಆ ಅಜ್ಜಿಗೆ ಆಗಿದ್ದಕ್ಕೆ ವೈದ್ಯರು ಡೆಲಿರಿಯಂ ಅಂತಾರೆ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ಜ್ವರ ಏರಿ ಬಡಬಡಿಸುವವರನ್ನು ನೋಡಿ ‘ಸನ್ನಿ ಹಿಡಿದಿದೆ’ ಅಂತಿದ್ದರು. ದೇಹದಲ್ಲಿ ಏನೋ ಕೆಟ್ಟಾಗ ಮಿದುಳು ತಾತ್ಕಾಲಿಕವಾಗಿ ದಿಕ್ಕು ತಪ್ಪುತ್ತೆ. ಗಮನ ನಿಲ್ಲೋದಿಲ್ಲ, ಹಗಲು ರಾತ್ರಿ ಅದಲು ಬದಲಾಗುತ್ತೆ, ಇಲ್ಲದ್ದು ಕಾಣುತ್ತೆ.

ಅರಳುಮರಳು, ಅಂದರೆ ಡಿಮೆನ್ಷಿಯಾ, ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುತ್ತೆ. ಡೆಲಿರಿಯಂ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬರುತ್ತೆ. ಒಂದೇ ದಿನದಲ್ಲಿ ಏರಿಳಿಯುತ್ತೆ. ಬೆಳಗ್ಗೆ ಸರಿಯಾಗಿ ಮಾತಾಡಿದ ಅಜ್ಜ ಸಂಜೆಗೆ ನಿಮ್ಮನ್ನೇ ಗುರುತಿಸದೆ ಇರಬಹುದು. ಡೆಲಿರಿಯಂಗೆ ಬಹುತೇಕ ಸಲ ಹುಡುಕಿದರೆ ಸಿಗುವ ಕಾರಣ ಇರುತ್ತೆ: ಶ್ವಾಸಕೋಶದ ಅಥವಾ ಮೂತ್ರದ ಸೋಂಕು, ನೀರಿನಂಶ ಕಡಿಮೆಯಾಗೋದು, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿಯೋದು, ಆಮ್ಲಜನಕ ಸಾಲದಿರೋದು, ತಡೆಯಲಾಗದ ನೋವು, ಮೂತ್ರ ಕಟ್ಟೋದು, ಮಲಬದ್ಧತೆ, ಹೊಸದಾಗಿ ಕೊಟ್ಟ ಮಾತ್ರೆ. ಎಷ್ಟೋ ಸಲ ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಸೇರಿರುತ್ತವೆ.

ಹಾಗಾಗಿ ‘ವಯಸ್ಸಾಯ್ತು’ ಅಂತ ಬಿಟ್ಟುಬಿಡೋದು ಅಂದರೆ ಒಳಗಿನ ಕಾಯಿಲೆಯನ್ನೂ ಬಿಟ್ಟುಬಿಟ್ಟ ಹಾಗೆ. ‘ಗಾಳಿ ಸೋಕಿದೆ’ ಅಂತ ಡಿಸ್ಚಾರ್ಜ್ ಮಾಡಿಸಿ ಯಂತ್ರ ಕಟ್ಟಿಸಲು ಕರೆದುಕೊಂಡು ಹೋಗೋದೂ ಅಷ್ಟೇ ಅಪಾಯ. ಡೆಲಿರಿಯಂ ಬಂದ ಹಿರಿಯರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗುತ್ತೆ, ಹೆಚ್ಚು ಬೀಳ್ತಾರೆ, ಸಾವಿನ ಅಪಾಯವೂ ಹೆಚ್ಚು. ಕೆಲವರ ನೆನಪಿನ ಶಕ್ತಿ ಮೊದಲಿನಷ್ಟಕ್ಕೆ ಮರಳೋದೇ ಇಲ್ಲ.

ಯಾರಿಗೆ ಅಪಾಯ ಹೆಚ್ಚು? ಇಂಗ್ಲೆಂಡಿನ ನೈಸ್ ಸಂಸ್ಥೆ 2010ರ ತನ್ನ ಮಾರ್ಗಸೂಚಿಯಲ್ಲಿ ನಾಲ್ಕು ಗುರುತು ಹೇಳಿದೆ: 65 ವರ್ಷ ದಾಟಿದವರು, ಮೊದಲೇ ಮರೆವಿನ ತೊಂದರೆ ಇರುವವರು, ಸೊಂಟದ ಮೂಳೆ ಮುರಿದವರು, ಕಾಯಿಲೆ ತೀವ್ರವಾಗಿರುವವರು. ನಿಮ್ಮ ಮನೆಯ ಹಿರಿಯರು ಇದರಲ್ಲಿ ಒಂದಕ್ಕೆ ಸೇರಿದರೂ ಆಸ್ಪತ್ರೆಯ ಮೊದಲ ದಿನದಿಂದಲೇ ಹುಷಾರಾಗಿರಿ.

ಸುಮ್ಮನೆ ಮಲಗಿದವರನ್ನೇ ಯಾರೂ ನೋಡಲ್ಲ

ಕೂಗಾಡುವ ಡೆಲಿರಿಯಂ ಎಲ್ಲರ ಕಣ್ಣಿಗೂ ಬೀಳುತ್ತೆ. ಇನ್ನೊಂದು ಬಗೆ ಇದೆ. ಅದರಲ್ಲಿ ಹಿರಿಯರು ಮಂಕಾಗ್ತಾರೆ. ಮಾತು ಕಡಿಮೆ, ಊಟ ಬೇಡ, ಕರೆದರೆ ಅರೆಗಣ್ಣು ತೆರೆದು ಮತ್ತೆ ಮುಚ್ತಾರೆ. ‘ಪಾಪ, ಸುಸ್ತು, ಮಲಗಲಿ’ ಅಂತ ಎಲ್ಲರೂ ದಾಟಿ ಹೋಗ್ತಾರೆ. ಜಗತ್ತಿನ ಎಲ್ಲ ಕಡೆ ವೈದ್ಯರ ಕಣ್ತಪ್ಪೋದು ಹೆಚ್ಚಾಗಿ ಈ ಬಗೆಯೇ.

ಈಗ ನಮ್ಮ ಗಡಿನಾಡನ್ನು ನೆನೆಸಿಕೊಳ್ಳಿ. ತಾಳವಾಡಿಯ ತಾತ ಈರೋಡಿನಲ್ಲಿ ಮಲಗಿದಾರೆ. ಜತ್ತದ ಮುತ್ಯಾ ಸಾಂಗ್ಲಿಯಲ್ಲಿ. ಆದೋನಿಯ ಅವ್ವ ಕರ್ನೂಲಿನಲ್ಲಿ. ವಯನಾಡಿನ ಅಜ್ಜಿ ಕೋಝಿಕ್ಕೋಡಿನಲ್ಲಿ. ಸಿಸ್ಟರ್ ಬಂದು ಏನೋ ಕೇಳ್ತಾರೆ, ಉತ್ತರ ಬರಲ್ಲ. ‘ಇವರಿಗೆ ನಮ್ಮ ಭಾಷೆ ಬರಲ್ಲ, ಅದಕ್ಕೆ ಸುಮ್ಮನಿದಾರೆ’ ಅಂದುಕೊಂಡು ಮುಂದಿನ ಮಂಚಕ್ಕೆ ಹೋಗ್ತಾರೆ. ಅಲ್ಲಿ ಕಾಯಿಲೆಯೊಂದು ಭಾಷೆಯ ಮರೆಯಲ್ಲಿ ಅಡಗಿ ಕೂತಿರುತ್ತೆ.

ತಿರುಗುಮುರುಗಾಗಿಯೂ ಆಗುತ್ತೆ. ಡೆಲಿರಿಯಂ ಪತ್ತೆಗೆ 4ಎಟಿ ಅನ್ನುವ ಸಣ್ಣ ಪರೀಕ್ಷೆ ಇದೆ. ಮಾಡೋಕೆ ಕೆಲವೇ ನಿಮಿಷ ಸಾಕು. ಎಚ್ಚರ ಹೇಗಿದೆ ಅಂತ ನೋಡ್ತಾರೆ. ವಯಸ್ಸು, ಹುಟ್ಟಿದ ತಾರೀಖು, ಈಗ ಇರುವ ಜಾಗ, ಈಗಿನ ಇಸವಿ ಕೇಳ್ತಾರೆ. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳ ಹೆಸರು ಹೇಳಿಸ್ತಾರೆ. ಕೊನೆಗೆ, ಈ ಬದಲಾವಣೆ ಇದ್ದಕ್ಕಿದ್ದಂತೆ ಬಂತಾ ಅಂತ ಕೇಳ್ತಾರೆ. ಒಳ್ಳೆಯ ಪರೀಕ್ಷೆ. ಆದರೆ ಹುಟ್ಟಿದ ದಿನ ‘ಜಾತ್ರೆ ಆಗಿ ಎರಡು ದಿನಕ್ಕೆ’ ಅಂತ ಮಾತ್ರ ಗೊತ್ತಿರುವ, ತಿಂಗಳನ್ನು ಚೈತ್ರ ವೈಶಾಖ ಅಂತಲೇ ಎಣಿಸುವ ಅಜ್ಜಿಗೆ ಅದನ್ನು ಮರಾಠಿಯಲ್ಲೋ ಮಲಯಾಳದಲ್ಲೋ ಕೇಳಿದರೆ ಏನಾಗುತ್ತೆ? ತಲೆ ನೆಟ್ಟಗಿದ್ದವರೂ ಫೇಲಾಗ್ತಾರೆ. ಕಾಯಿಲೆ ಇದ್ದವರು ‘ಭಾಷೆ ಸಮಸ್ಯೆ’ ಅಂತ ಪಾಸಾಗ್ತಾರೆ.

ಆ ಪರೀಕ್ಷೆಯ ಕೊನೆಯ ಪ್ರಶ್ನೆಗೆ ರೋಗಿ ಉತ್ತರಿಸೋಕೆ ಆಗಲ್ಲ. ಇದ್ದಕ್ಕಿದ್ದಂತೆ ಬದಲಾದರಾ ಅನ್ನೋದು ನಮಗೆ, ಮನೆಯವರಿಗೆ, ಮಾತ್ರ ಗೊತ್ತು. ಹಾಗಾಗಿ ಅದು ನಾವು ಉತ್ತರಿಸಬೇಕಾದ ಪ್ರಶ್ನೆ.

ತಡೆಯಬಹುದು, ಅದೂ ಔಷಧವಿಲ್ಲದೆ

ಇದು ನಂಬೋಕೆ ಕಷ್ಟ, ಆದರೆ ನಿಜ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾ. ಶಾರನ್ ಇನೌಯಿ ಮತ್ತು ಜೊತೆಗಾರರು 70 ದಾಟಿದ 852 ಒಳರೋಗಿಗಳ ಮೇಲೆ ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದರು. ಮಾಮೂಲಿ ಆರೈಕೆ ಪಡೆದವರಲ್ಲಿ 100ಕ್ಕೆ 15 ಜನರಿಗೆ ಡೆಲಿರಿಯಂ ಬಂತು. ವಿಶೇಷ ಆರೈಕೆ ಪಡೆದವರಲ್ಲಿ 100ಕ್ಕೆ ಸುಮಾರು 10 ಜನರಿಗೆ ಮಾತ್ರ. ವಿಶೇಷ ಆರೈಕೆ ಅಂದರೆ ಏನು? ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ನೆನಪಿಸೋದು. ದಿನಕ್ಕೆ ಮೂರು ಸಲ ನಡೆಸೋದು ಅಥವಾ ಕೈಕಾಲು ಆಡಿಸೋದು. ಕನ್ನಡಕ, ಕಿವಿ ಮಷಿನ್ ಕೊಡೋದು. ನೀರು ಕುಡಿಸೋದು. ರಾತ್ರಿ ಬಿಸಿ ಹಾಲು ಕೊಟ್ಟು, ಬೆನ್ನು ತಿಕ್ಕಿ, ಗಲಾಟೆ ಕಡಿಮೆ ಮಾಡಿ ಮಲಗಿಸೋದು. ಇದರಲ್ಲಿ ಬಹಳಷ್ಟನ್ನು ಮಾಡಿದ್ದು ತರಬೇತಿ ಪಡೆದ ಸ್ವಯಂಸೇವಕರು.

ಅದೇ ಅಧ್ಯಯನದ ಇನ್ನೊಂದು ಮಾತು ನೆನಪಿರಲಿ. ಒಮ್ಮೆ ಡೆಲಿರಿಯಂ ಬಂದ ಮೇಲೆ ಅದರ ತೀವ್ರತೆಯನ್ನು ಈ ಆರೈಕೆ ಹೇಳಿಕೊಳ್ಳುವಷ್ಟು ಇಳಿಸಲಿಲ್ಲ. ಬರದ ಹಾಗೆ ನೋಡಿಕೊಳ್ಳೋದರಲ್ಲೇ ಲಾಭ. ಆದ್ದರಿಂದ ಮೊದಲ ದಿನದಿಂದಲೇ ಶುರು ಮಾಡಬೇಕು.

ಚೀನಾದ ಚೆಂಗ್ಡುವಿನ ವೆಸ್ಟ್ ಚೈನಾ ಆಸ್ಪತ್ರೆಯವರು ಇದನ್ನೇ ಮನೆಯವರನ್ನು ಜೊತೆಗೆ ಸೇರಿಸಿಕೊಂಡು ಮಾಡಿದರು. ಆಪರೇಷನ್‌ಗೆ ಬಂದ, 70 ದಾಟಿದ 281 ಜನ. ಮಾಮೂಲಿ ಆರೈಕೆಯಲ್ಲಿ ಶೇ. 19.4 ಜನರಿಗೆ ಡೆಲಿರಿಯಂ ಬಂದರೆ, ಮನೆಯವರೂ ಕೈಜೋಡಿಸಿದ ಕಡೆ ಶೇ. 2.6 ಜನರಿಗೆ ಬಂತು. 2020ರಲ್ಲಿ ಪ್ರಕಟವಾದ ಈ ಲೆಕ್ಕ ನಮಗೆ ತುಂಬ ಹತ್ತಿರದ್ದು. ಯಾಕೆಂದರೆ ನಮ್ಮ ಕಡೆಯ ಆಸ್ಪತ್ರೆಗಳಲ್ಲೂ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರ್ತಾರೆ. ಕೇರಳದಲ್ಲಿ ಬೈಸ್ಟ್ಯಾಂಡರ್ ಅಂತಾರೆ, ಬೇರೆ ಕಡೆ ಅಟೆಂಡರ್ ಅಂತಾರೆ. ಜನ ಇದ್ದಾರೆ, ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಪಕ್ಕದಲ್ಲಿ ಕೂತವರು ಏನು ಮಾಡಬೇಕು?

ಮೊದಲನೆಯದು, ಮನೆ ಮಾತಲ್ಲಿ ಮಾತಾಡಿ. ಮನೆ ಮಾತು ಅಂದರೆ ಪುಸ್ತಕದ ಕನ್ನಡ ಅಲ್ಲ. ಅದು ಹವ್ಯಕ ಕನ್ನಡ ಇರಬಹುದು, ಸೊಲ್ಲಾಪುರದ ಗಂಡು ಕನ್ನಡ ಇರಬಹುದು, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ತುಳು ಇರಬಹುದು, ನೀಲಗಿರಿಯಲ್ಲಿ ಬಡಗ ಇರಬಹುದು. ಕಾಯಿಲೆ ಜೋರಾದಾಗ ಸಂತೆಯಲ್ಲಿ ಕಲಿತ ಭಾಷೆ ಜಾರಿ ಹೋಗಿ, ತೊಟ್ಟಿಲ ಭಾಷೆ ಮಾತ್ರ ಉಳಿದದ್ದನ್ನು ನಾವೇ ನೋಡಿದ್ದೇವೆ. ಬೆಳಗ್ಗೆ ಎದ್ದಾಗ, ಮಧ್ಯಾಹ್ನ, ಮುಸ್ಸಂಜೆ ಹೊತ್ತಿಗೆ ತಪ್ಪದೆ ಹೇಳಿ: ‘ಅಜ್ಜಿ, ನಾನು ಇಂಥವನು. ಇದು ಆಸ್ಪತ್ರೆ. ಕಾಲಿಗೆ ಆಪರೇಷನ್ ಆಗಿದೆ. ಇವತ್ತು ಗುರುವಾರ. ಸೋಮವಾರ ಮನೆಗೆ ಹೋಗ್ತೀವಿ ಅಂತ ಡಾಕ್ಟರು ಹೇಳಿದಾರೆ.’ ಪರೀಕ್ಷೆ ಮಾಡೋ ಹಾಗೆ ‘ಇವತ್ತು ಯಾವ ವಾರ ಹೇಳು ನೋಡೋಣ’ ಅಂತ ಪದೇ ಪದೇ ಕೇಳಬೇಡಿ. ಊರಿನ ಸುದ್ದಿ ಹೇಳಿ, ಹಸು ಕರು ಹಾಕಿದ್ದು ಹೇಳಿ, ಯಾರ ಮದುವೆ ಎಲ್ಲಿ ಅಂತ ಮಾತಿಗೆಳೆಯಿರಿ. ಅದೇ ಮಿದುಳಿಗೆ ವ್ಯಾಯಾಮ.

ಎರಡನೆಯದು, ಕನ್ನಡಕ, ಕಿವಿ ಮಷಿನ್, ಹಲ್ಲಿನ ಸೆಟ್. ಕಳೆದುಹೋಗುತ್ತೆ ಅಂತ ನಾವು ಇವನ್ನೇ ಮೊದಲು ಮನೆಗೆ ಕಳಿಸ್ತೀವಿ. ಕಣ್ಣು ಕಾಣದ, ಕಿವಿ ಕೇಳದ ಹಿರಿಯರಿಗೆ ಗೊತ್ತಿಲ್ಲದ ಭಾಷೆಯ ವಾರ್ಡ್ ಅಂದರೆ ಕತ್ತಲೆ ಕೋಣೆ. ಒಂದು ಡಬ್ಬಿಗೆ ಹಾಕಿ, ಹೆಸರು ಮತ್ತು ಮಂಚದ ನಂಬರನ್ನು ಆ ರಾಜ್ಯದ ಲಿಪಿಯಲ್ಲಿ ಬರೆದು ತಲೆದಿಂಬಿನ ಪಕ್ಕ ಇಡಿ. ಎದ್ದ ಕೂಡಲೇ ಹಾಕಿಸಿ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ತೆಗೆಸೋಕೆ ಹೇಳಿ.

ಮೂರನೆಯದು, ನೀರು, ಊಟ, ಒಂದಕ್ಕೆ, ಎರಡಕ್ಕೆ. ಇದನ್ನು ಹೇಳೋಕೆ ನಾಚಬೇಡಿ. ಅಜ್ಜಿಯರು ಬಾಯಾರಿಕೆ ಇಲ್ಲ ಅಂತ ಮಾತ್ರ ನೀರು ಬಿಡೋದಲ್ಲ, ಎಬ್ಬಿಸಿ ಕರೆದುಕೊಂಡು ಹೋಗಿ ಅಂತ ಗೊತ್ತಿಲ್ಲದವರನ್ನು ಕೇಳೋಕೆ ಆಗದೆಯೂ ಬಿಡ್ತಾರೆ. ಹೆಂಗಸರ ವಾರ್ಡಿನಲ್ಲಿ ಮೊಮ್ಮಗನಿಗಿಂತ ಮೊಮ್ಮಗಳೋ ಸೊಸೆಯೋ ಇದ್ದರೆ ಅವರಿಗೆ ಹೇಳೋಕೆ ಸುಲಭ. ಎರಡು ಗಂಟೆಗೊಮ್ಮೆ ನೀವೇ ಕೇಳಿ, ನೀವೇ ಕುಡಿಸಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ಎಷ್ಟು ನೀರು ಕೊಡಬಹುದು ಅಂತ ಮೊದಲೇ ಕೇಳಿಕೊಳ್ಳಿ. ಮಂಪರಿನಲ್ಲಿರುವಾಗ ಬಾಯಿಗೆ ಏನೂ ಹಾಕಬೇಡಿ, ನೆತ್ತಿಗೆ ಹತ್ತುತ್ತೆ. ಎರಡು ದಿನದಿಂದ ಎರಡಕ್ಕೆ ಹೋಗಿಲ್ಲ ಅಂದರೆ ಸಿಸ್ಟರ್‌ಗೆ ಹೇಳಿ.

ನಾಲ್ಕನೆಯದು, ಏಳಿಸಿ, ಕೂರಿಸಿ, ನಡೆಸಿ. ಡಾಕ್ಟರು ಒಪ್ಪಿದ ಕ್ಷಣದಿಂದ. ನಡೆಯೋಕೆ ಆಗದಿದ್ದರೆ ಕುರ್ಚಿಯಲ್ಲಿ ಕೂರಿಸಿ ಊಟ ಮಾಡಿಸಿ. ಮೂತ್ರದ ಪೈಪು, ಗ್ಲೂಕೋಸ್ ಪೈಪು ಕಟ್ಟಿಹಾಕಿದ ಹಗ್ಗದ ಹಾಗೆ. ಅನಗತ್ಯವಾಗಿ ಉಳಿದರೆ ಸೋಂಕೂ ತರುತ್ತೆ. ‘ಇದು ಇನ್ನೂ ಬೇಕಾ ಸಿಸ್ಟರ್?’ ಅಂತ ದಿನಕ್ಕೊಮ್ಮೆ ಮರ್ಯಾದೆಯಿಂದ ಕೇಳಿ.

ಐದನೆಯದು, ನಿದ್ದೆ. ಹಗಲು ಕಿಟಕಿ ಬೆಳಕು ಬೀಳಲಿ, ಗಂಟೆಗಟ್ಟಲೆ ಹಗಲು ನಿದ್ದೆ ಬೇಡ. ರಾತ್ರಿ ತಲೆ ಮೇಲಿನ ಲೈಟ್ ಆರಿಸೋಕೆ ಕೇಳಿ. ಇಲ್ಲಿ ತಪ್ಪು ನಮ್ಮದೂ ಇದೆ. ರಾತ್ರಿ ಹನ್ನೊಂದಕ್ಕೆ ಮಂಚದ ಪಕ್ಕ ಕೂತು ಜೋರಾಗಿ ರೀಲ್ಸ್ ನೋಡೋದು ಯಾರು? ಮೊಬೈಲ್ ಸೌಂಡ್ ಆಫ್ ಮಾಡಿ. ನಿದ್ದೆ ಬರಲ್ಲ ಅಂದ ಕೂಡಲೇ ನಿದ್ದೆ ಮಾತ್ರೆ ಕೊಡಿ ಅಂತ ದುಂಬಾಲು ಬೀಳಬೇಡಿ. ಎಷ್ಟೋ ನಿದ್ದೆ ಮಾತ್ರೆಗಳೇ ವಯಸ್ಸಾದವರಲ್ಲಿ ಡೆಲಿರಿಯಂ ತರುತ್ತವೆ.

ಆರನೆಯದು, ನೋವು. ‘ಉರೀತದೆ’, ‘ಸೆಳೀತದೆ’, ‘ಹಿಂಡಿದ ಹಾಗೆ’, ‘ಚುಚ್ಚಿದ ಹಾಗೆ’ ಅನ್ನುವ ಮಾತುಗಳ ವ್ಯತ್ಯಾಸ ಡಾಕ್ಟರಿಗೆ ಬೇಕು. ಅದನ್ನು ದಾಟಿಸಬೇಕಾದವರು ನೀವು. ‘ನೋವಂತೆ’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ತಡೆದುಕೊಂಡ ನೋವೂ ಡೆಲಿರಿಯಂ ತರುತ್ತೆ.

ಸೇರಿಸುವ ದಿನ ಮುಚ್ಚಿಡಬಾರದ ಮಾತು

ಅಜ್ಜ ದಿನಾ ಸಂಜೆ ಕುಡೀತಿದ್ದರಾ? ಹೇಳಿ. ಮರ್ಯಾದೆ ಹೋಗುತ್ತೆ ಅಂತ ಮನೆಯವರು ಇದನ್ನೇ ಮುಚ್ಚಿಡ್ತಾರೆ. ದಿನವೂ ಕುಡಿಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ನಿಂತರೆ ಎರಡು ಮೂರು ದಿನದಲ್ಲಿ ನಡುಕ, ಬೆವರು, ಭ್ರಮೆಯ ಜೊತೆ ಭಾರೀ ಡೆಲಿರಿಯಂ ಬರಬಹುದು. ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಡಾಕ್ಟರು ಮುಂಜಾಗ್ರತೆ ಮಾಡ್ತಾರೆ.

ಮನೆಯಲ್ಲಿ ನುಂಗುತ್ತಿದ್ದ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತೆಗೆದುಕೊಂಡು ಹೋಗಿ. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದದ್ದು, ನಾಟಿ ಔಷಧ, ವರ್ಷಗಳಿಂದ ನುಂಗುವ ನಿದ್ದೆ ಮಾತ್ರೆ ಎಲ್ಲವೂ ಅದರಲ್ಲಿರಲಿ. ನೆಗಡಿ, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮೈನ್‌ನಂಥ ಸಾಮಾನ್ಯ ಮಾತ್ರೆಯೂ ವಯಸ್ಸಾದವರ ತಲೆ ಮಂಕಾಗಿಸಬಹುದು. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೂ ಇದೇ ತೊಂದರೆ.

ಬಂದೇಬಿಟ್ಟರೆ?

ಎಲ್ಲ ಮಾಡಿದರೂ ಕೆಲವರಿಗೆ ಬರುತ್ತೆ. ಅದು ನಿಮ್ಮ ತಪ್ಪಲ್ಲ. ಕೂಡಲೇ ಸಿಸ್ಟರನ್ನೋ ಡಾಕ್ಟರನ್ನೋ ಕರೆದು ಒಂದೇ ವಾಕ್ಯ ಹೇಳಿ. ಮಲಯಾಳದಲ್ಲಿ ‘ಇನ್ನಲೆ ಇಂಙನೆ ಆಯಿರುನ್ನಿಲ್ಲ’. ತಮಿಳಿನಲ್ಲಿ ‘ನೇತ್ತು ಇಪ್ಪಡಿ ಇಲ್ಲೆ’. ಮರಾಠಿಯಲ್ಲಿ ‘ಕಾಲ್ ಅಸಂ ನವ್ಹತಂ’. ತೆಲುಗಿನಲ್ಲಿ ‘ನಿನ್ನ ಇಲಾ ಲೇರು’. ಎಲ್ಲದರ ಅರ್ಥ ಒಂದೇ, ನಿನ್ನೆ ಹೀಗಿರಲಿಲ್ಲ. ಯಾವಾಗ ಶುರುವಾಯಿತು, ಯಾವ ಹೊತ್ತಿಗೆ ಜಾಸ್ತಿ, ಯಾವ ಹೊಸ ಮಾತ್ರೆ ಆದ ಮೇಲೆ, ಒಂದಕ್ಕೆ ಎರಡಕ್ಕೆ ಯಾವಾಗ ಹೋಗಿದ್ದು, ಇಷ್ಟನ್ನು ಬರೆದಿಟ್ಟುಕೊಂಡು ಹೇಳಿ.

ಹಿರಿಯರ ಜೊತೆ ವಾದ ಬೇಡ. ಕುರಿ ಕಾಣ್ತಿದೆ ಅಂದರೆ ‘ನಿಂಗೇನು ಹುಚ್ಚಾ’ ಅನ್ನಬೇಡಿ. ‘ಹೌದು ಕುರಿ ಇದೆ’ ಅಂತಲೂ ಹೇಳಬೇಡಿ. ‘ಹೆದರಬೇಡಿ ಅಜ್ಜಿ, ನಾನಿದ್ದೀನಿ, ಇದು ಆಸ್ಪತ್ರೆ’ ಅಂತ ಕೈ ಹಿಡಿದು ಚಿಕ್ಕ ಚಿಕ್ಕ ಮಾತಲ್ಲಿ ಹೇಳಿ. ಸುತ್ತ ಜನ ಗುಂಪಾಗೋದು ಬೇಡ. ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ. ಕೈ ಕಟ್ಟುವ ಮಾತು ಬಂದರೆ, ‘ನಾನು ಪಕ್ಕದಲ್ಲೇ ಕೂರ್ತೀನಿ, ಕೈ ಹಿಡ್ಕೊಂಡಿರ್ತೀನಿ, ಕಟ್ಟೋದು ಬೇಡ ನೋಡೋಣವಾ?’ ಅಂತ ಕೇಳಿ. ಕಟ್ಟಿದಷ್ಟೂ ಗಾಬರಿ ಹೆಚ್ಚುತ್ತೆ.

ಕಾರಣಕ್ಕೆ ಚಿಕಿತ್ಸೆ ಆದ ಮೇಲೂ ತಿಳಿಯಾಗೋಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕಾಗಬಹುದು. ಆಮೇಲೆ ಕೆಲವರಿಗೆ ಅಂದು ಕಂಡದ್ದು, ಆಡಿದ್ದು ನೆನಪಿರುತ್ತೆ, ನಾಚಿಕೆಯಿಂದ ಕುಗ್ಗಿಹೋಗ್ತಾರೆ. ‘ಅದು ಕಾಯಿಲೆ ಆಡಿಸಿದ್ದು, ನೀವು ಆಡಿದ್ದಲ್ಲ’ ಅಂತ ಒಮ್ಮೆ ಕೂರಿಸಿ ಹೇಳಿ.

ಆಸ್ಪತ್ರೆಗಳ ಹತ್ತಿರ ನಾವು ಕೇಳೋದು

ಸಿಸ್ಟರ್‌ಗಳ ಮೇಲೆ ನಮಗೆ ಸಿಟ್ಟಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಎಷ್ಟು ಮಂಚ ನೋಡಬೇಕು ಅನ್ನೋದು ನಮಗೆ ಗೊತ್ತು. ಅವರಲ್ಲಿ ಎಷ್ಟೋ ಜನ ತಾವೂ ಮನೆ ಬಿಟ್ಟು ಬಂದವರು. ಮಂಗಳೂರು, ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಕನ್ನಡ ಕಲಿತ ಮಲಯಾಳಿ ಸಿಸ್ಟರ್‌ಗಳೂ ಬಹಳ ಇದ್ದಾರೆ. ‘ಕನ್ನಡ ಗೊತ್ತಾ ಸಿಸ್ಟರ್?’ ಅಂತ ಒಮ್ಮೆ ಕೇಳಿ ನೋಡಿ.

ನಾವು ಕೇಳೋದು ಕಟ್ಟಡ ಅಲ್ಲ, ಹೊಸ ಮಷಿನ್ ಅಲ್ಲ. ಸೇರಿಸುವಾಗಲೇ ರೋಗಿಯ ಮನೆ ಮಾತು ಯಾವುದು ಅಂತ ಕೇಸ್ ಶೀಟಿನಲ್ಲಿ ಬರೆಯಲಿ. ಕನ್ನಡ ಬಲ್ಲ ಸಿಬ್ಬಂದಿಯ ಹೆಸರು ಪ್ರತಿ ಪಾಳಿಯಲ್ಲೂ ವಾರ್ಡಿನ ಬೋರ್ಡಿನ ಮೇಲೆ ಇರಲಿ. ಮಲಗಿದವರಿಗೆ ಕಾಣುವ ಹಾಗೆ ದೊಡ್ಡ ಗಡಿಯಾರ, ದಿನ ತಾರೀಖಿನ ಬೋರ್ಡು ಇರಲಿ. ಹಿರಿಯರ ಜೊತೆ ರಾತ್ರಿ ಒಬ್ಬರು ಉಳಿಯೋಕೆ ಬಿಡಲಿ. ಐಸಿಯುನಲ್ಲೂ ದಿನಕ್ಕೆ ಎರಡು ಹೊತ್ತು ಒಳಗೆ ಬಿಟ್ಟು ಮಾತಾಡಿಸೋಕೆ ಅವಕಾಶ ಕೊಡಲಿ. ತಲೆ ಸರಿಯಿದೆಯಾ ಅಂತ ಪರೀಕ್ಷೆ ಮಾಡುವಾಗ ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ.

ಸರ್ಕಾರಿ ಆಸ್ಪತ್ರೆಗೆ ಈ ಮನವಿಯನ್ನು ಕನ್ನಡದಲ್ಲೇ ಕೊಡಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಆದರೆ ಜೊತೆಗೆ ಆ ರಾಜ್ಯದ ಭಾಷೆಯ ಪ್ರತಿಯೊಂದನ್ನೂ ಇಡಿ. ನಮಗೆ ಹಕ್ಕೂ ಬೇಕು, ಇವತ್ತು ರಾತ್ರಿ ಆ ಕಾಗದ ಓದಿಸಿಕೊಳ್ಳೋದೂ ಬೇಕು.

ಅನುಮತಿಗೆ ಕಾಯದೆ ಮಾಡಬಹುದಾದ್ದು

ಒಂದು ಚೀಟಿ. ಎರಡು ಕಾಲಂ. ಒಂದರಲ್ಲಿ ನಿಮ್ಮ ಅಜ್ಜಿ ಆಡುವ ಮಾತು ಹೇಗೆ ಆಡ್ತಾರೋ ಹಾಗೆಯೇ, ಆದರೆ ಸಿಸ್ಟರ್ ಓದುವ ಲಿಪಿಯಲ್ಲಿ. ಇನ್ನೊಂದರಲ್ಲಿ ಅದರ ಅರ್ಥ. ‘ನೀರು ಬೇಕಾ?’, ‘ನೋವಿದ್ಯಾ? ಎಲ್ಲಿ?’, ‘ಒಂದಕ್ಕೆ ಹೋಗ್ಬೇಕಾ?’, ‘ಎರಡಕ್ಕೆ?’, ‘ಚಳಿ ಆಗ್ತಿದ್ಯಾ?’, ‘ಇದು ಆಸ್ಪತ್ರೆ’, ‘ಹೆದರಬೇಡಿ’, ‘ಮಗ ಹೊರಗಿದಾನೆ, ಬೆಳಗ್ಗೆ ಬರ್ತಾನೆ’. ಹತ್ತು ಮಾತು ಸಾಕು. ಮನೆಯಲ್ಲಿ ಏನಂತ ಕರೀತಾರೆ ಅನ್ನೋದನ್ನೂ ಮೇಲೆ ಬರೆಯಿರಿ: ಅಜ್ಜಿ, ಅವ್ವ, ಆಯಿ, ಮುತ್ಯಾ, ತಾತ. ಕಾಸರಗೋಡಿನವರು ಮಲಯಾಳ ಲಿಪಿಯಲ್ಲಿ, ಹೊಸೂರಿನವರು ತಮಿಳಿನಲ್ಲಿ, ಅಕ್ಕಲಕೋಟೆಯವರು ಮರಾಠಿಯಲ್ಲಿ, ಮಡಕಶಿರಾದವರು ತೆಲುಗಿನಲ್ಲಿ ಬರೆದು ಇಟ್ಟುಕೊಳ್ಳಿ. ಮಂಚದ ತಲೆಯ ಹತ್ತಿರ ಅಂಟಿಸಿ. ನಡುರಾತ್ರಿ ಸಿಸ್ಟರ್ ಅದನ್ನು ತೊದಲಿಕೊಂಡು ಓದಿದರೂ ಅಜ್ಜಿಗೆ ಅದು ಗುರುತಿನ ದನಿ.

ಇನ್ನೊಂದು, ಸರದಿ. ಒಬ್ಬನೇ ಹಗಲು ರಾತ್ರಿ ಕೂತರೆ ಮೂರನೇ ರಾತ್ರಿ ಅವನೂ ವರಾಂಡದಲ್ಲಿ ನಿದ್ದೆ ಹೋಗ್ತಾನೆ. ನಾವು ಮೇಲೆ ಹೇಳಿದ ಅಜ್ಜಿಗೆ ಆದದ್ದೂ ಅದೇ. ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರು ರಜೆ ಸಿಗದಿದ್ದರೆ ಮುಸ್ಸಂಜೆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ಹತ್ತು ನಿಮಿಷ ಮಾತಾಡಿ. ಊರಲ್ಲಿರುವ ನಮ್ಮ ಯುವಕ ಸಂಘಗಳು ಒಂದು ಕೆಲಸ ಮಾಡಲಿ. ತಾಲೂಕಿನಿಂದ ಹಿರಿಯರು ಯಾವ ಆಸ್ಪತ್ರೆಗೆ ಹೋಗ್ತಾರೋ ಆ ಊರಿನಲ್ಲಿ ಓದುವ, ದುಡಿಯುವ ನಮ್ಮ ಹುಡುಗ ಹುಡುಗಿಯರ ಪಟ್ಟಿ ಇಟ್ಟುಕೊಳ್ಳಲಿ. ಯಾರ ಮನೆಯಲ್ಲೂ ಜನ ಇಲ್ಲದಿದ್ದರೆ ದಿನಕ್ಕೆ ಒಂದು ಗಂಟೆ ಹೋಗಿ ಕೂತು ಮಾತಾಡಿಸಿ ಬರಲಿ. ಯೇಲ್‌ನಲ್ಲಿ ಸ್ವಯಂಸೇವಕರು ಮಾಡಿದ್ದೂ ಬಹುಪಾಲು ಇದನ್ನೇ.

ಗೆಳೆಯರೇ, ನಮ್ಮಲ್ಲಿ ಎಷ್ಟೋ ಜನ ಓದಿದ್ದು ಮಲಯಾಳ, ತಮಿಳು, ಮರಾಠಿ, ತೆಲುಗು ಮಾಧ್ಯಮದಲ್ಲಿ. ಕನ್ನಡದ ಅಕ್ಷರ ಕೈತಪ್ಪಿತು ಅಂತ ಒಳಗೊಳಗೇ ಬೇಜಾರು ಇಟ್ಟುಕೊಂಡವರೂ ಇದ್ದಾರೆ. ಈ ಕೆಲಸಕ್ಕೆ ಅಕ್ಷರ ಬೇಡ. ಡಾಕ್ಟರ ಭಾಷೆಯೂ ಅಜ್ಜಿಯ ಭಾಷೆಯೂ ಎರಡೂ ಬಲ್ಲವರು ಆ ವಾರ್ಡಿನಲ್ಲಿ ನೀವೊಬ್ಬರೇ ಇರ್ತೀರಿ. ಚೀಟಿಯನ್ನು ಇವತ್ತೇ ಬರೆದು ಮನೆಯ ಮೆಡಿಕಲ್ ಫೈಲಿನೊಳಗೆ ಇಡಿ. ಕನ್ನಡಕದ ಡಬ್ಬಿ ಎಲ್ಲಿದೆ ನೋಡಿಕೊಳ್ಳಿ. ಅಜ್ಜ ಯಾವ ಮಾತ್ರೆ ನುಂಗ್ತಾರೆ ಅಂತ ಒಮ್ಮೆ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ.

ಈ ಬರಹವನ್ನು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿ. ಓದೋಕೆ ಬಾರದ ದೊಡ್ಡಮ್ಮ, ಚಿಕ್ಕಪ್ಪಂದಿರಿಗೆ ಓದಿ ಹೇಳಿ.